ಕಾರ್ಡಿನ ಮೇಲೆ ಆಮೆ ಬೇಡ, ಆಳ ಬರೆಯಿರಿ

ನಮ್ಮ ಮನೆ ಕಾರವಾರದ ಬೈತಖೋಲ್‌ನಲ್ಲಿ. ಆದರೆ ಅಕ್ಟೋಬರ್‌ನಿಂದ ಮೇವರೆಗೆ ನಾನು ಜಾಸ್ತಿ ಇರುವುದು ಮುರ್ಡೇಶ್ವರದಲ್ಲೇ. ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವಿಂಗ್ ಬೋಟಿನಲ್ಲಿ ನಾನು ಡೈವ್‌ಮಾಸ್ಟರ್, ಅಂದರೆ ಡೈವರ್‌ಗಳನ್ನು ನೀರಿನಡಿ ಕರೆದುಕೊಂಡು ಹೋಗುವವನು. ಹತ್ತುವ ಮೊದಲು ಎಲ್ಲರ ಕಾರ್ಡ್ (ಡೈವಿಂಗ್ ಕಲಿತಿದ್ದಕ್ಕೆ ತರಬೇತಿ ಸಂಸ್ಥೆ ಕೊಡುವುದು) ನೋಡುವ ಕೆಲಸವೂ ನನ್ನದೇ. ಬೇರೆ ಯಾರಿಗೂ ಅದು ಬೇಡ. ಕಾರ್ಡ್ ಕೇಳಿದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ, ಕೆಲವರಿಗೆ ಸಿಟ್ಟೇ ಬರುತ್ತದೆ.

ಕಾರ್ಡ್ ಯಾಕೆ ಬೇಕು ಅಂತ ನನ್ನ ಮಾವನೂ ಕೇಳುತ್ತಾನೆ. ಅವನು ಮೊದಲೆಲ್ಲ ಉಸಿರು ಕಟ್ಟಿ ಮುಳುಗಿ ಬಂಡೆಯಿಂದ ನೀಲಿಕಲ್ಲು ಅನ್ನುವ ಚಿಪ್ಪುಜೀವಿ ಕೀಳುತ್ತಿದ್ದವನು. "ನಮಗೆ ಯಾರು ಕೊಟ್ಟಿದ್ರು ಮಾರಾಯಾ ಕಾರ್ಡು?" ಅನ್ನುತ್ತಾನೆ. ಸರಿಯೇ. ಆದರೆ ಅವನ ಎದೆಯಲ್ಲಿ ಇದ್ದದ್ದು ಮೇಲಿಂದ ತುಂಬಿಕೊಂಡು ಹೋದ ಗಾಳಿ. ಟ್ಯಾಂಕಿನವನು ಕೆಳಗೇ ಉಸಿರಾಡುತ್ತಾನೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬ ಉಸಿರು ತೆಗೆದುಕೊಂಡು, ಗಾಬರಿಯಲ್ಲಿ ಬಾಯಿ ಮುಚ್ಚಿಕೊಂಡು ಮೇಲಕ್ಕೆ ಬಂದರೆ ಅದೇ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ, ಹರಿದುಹೋಗುತ್ತದೆ. ಇದನ್ನು ಕಲಿತಿದ್ದಾನೆ ಅಂತ ಗೊತ್ತಾಗದೆ ಯಾರನ್ನೂ ಇಳಿಸುವ ಹಾಗಿಲ್ಲ.

ಹಾಗಾದರೆ ಕಾರ್ಡಿನ ಮೇಲೆ ಏನಿರುತ್ತದೆ? ಹೆಸರು, ಫೋಟೋ, ಹುಟ್ಟಿದ ತಾರೀಖು, ಯಾವ ಸಂಸ್ಥೆಯ ಯಾವ ಕೋರ್ಸ್, ಮುಗಿಸಿದ ತಾರೀಖು, ಡೈವರ್ ನಂಬರ್, ಕಲಿಸಿದ ಇನ್‌ಸ್ಟ್ರಕ್ಟರ್‌ನ ಹೆಸರು ಮತ್ತು ನಂಬರ್. ಸಾಮಾನ್ಯವಾಗಿ ಇಷ್ಟು. ಇವೆಲ್ಲ ಬೇಕು. ಸಂಶಯ ಬಂದರೆ ನಂಬರ್ ಹಾಕಿ ಸಂಸ್ಥೆಯ ದಾಖಲೆಯಲ್ಲಿ ನೋಡಬಹುದು. ಇದರ ಜೊತೆ ಕಾರ್ಡಿನ ಅರ್ಧ ಭಾಗ ತುಂಬ ಆಮೆ, ಹವಳ, ನೀಲಿ ನೀರು. ಚಂದವೇ. ಆದರೆ ನನಗೆ ಬೋಟಿನ ಪಕ್ಕ ನಿಂತು ಬೇಕಾಗುವ ಎರಡು ವಿಷಯ ಎಷ್ಟೋ ಕಾರ್ಡುಗಳಲ್ಲಿ ಎದ್ದು ಕಾಣುವುದಿಲ್ಲ. ಈತ ಎಷ್ಟು ಆಳ ಹೋಗಬಹುದು? ಜೊತೆಗೆ ಯಾರಿರಬೇಕು?

ಪಾಡಿ (PADI) ಅನ್ನುವ ತರಬೇತಿ ಸಂಸ್ಥೆಯ ಕಾರ್ಡುಗಳನ್ನೇ ನೋಡಿ. ಓಪನ್ ವಾಟರ್ ಡೈವರ್ ಅಂದರೆ 18 ಮೀಟರ್, ಬಡ್ಡಿ (ಜೊತೆಗಾರ ಡೈವರ್) ಜೊತೆ ತಾವೇ ಹೋಗಬಹುದು. ಅಡ್ವಾನ್ಸ್‌ಡ್ ಅಂದರೆ 30. ಹವ್ಯಾಸದ ಡೈವಿಂಗ್‌ಗೆ 40 ಮೀಟರ್ ಕೊನೆಯ ಗೆರೆ. ಆದರೆ ಅದೇ ಸಂಸ್ಥೆ 'ಸ್ಕೂಬಾ ಡೈವರ್' ಅಂತ ಇನ್ನೊಂದು ಕಾರ್ಡನ್ನೂ ಕೊಡುತ್ತದೆ. ಓಪನ್ ವಾಟರ್ ಕೋರ್ಸಿನ ಒಂದು ಭಾಗ ಮಾತ್ರ ಮುಗಿಸಿದವರಿಗೆ ಸಿಗುವುದು ಅದು. ಮಿತಿ 12 ಮೀಟರ್, ಅದೂ ವೃತ್ತಿಪರ ಡೈವರ್ ಪಕ್ಕದಲ್ಲಿದ್ದರೆ ಮಾತ್ರ. ಹೆಸರು ಮಾತ್ರ ಎಷ್ಟು ಗತ್ತಿನದು ನೋಡಿ! ಹೋದ ಸೀಸನ್‌ನಲ್ಲಿ ಒಬ್ಬರು ಈ ಕಾರ್ಡ್ ಹಿಡಿದುಕೊಂಡು ಬಂದು, ಹೆಂಡತಿ ಜೊತೆ ಇಬ್ಬರೇ ಇಳಿಯುತ್ತೇವೆ ಅಂದರು. ಅವರ ತಪ್ಪೇನಿಲ್ಲ. ಕಾರ್ಡಿನ ಮೇಲೆ '12 ಮೀಟರ್, ಡೈವ್‌ಮಾಸ್ಟರ್ ಜೊತೆ ಮಾತ್ರ' ಅಂತ ದಪ್ಪಕ್ಷರದಲ್ಲಿ ಇದ್ದಿದ್ದರೆ ಆ ವಾದವೇ ಆಗುತ್ತಿರಲಿಲ್ಲ. ಡ್ರೈವಿಂಗ್ ಲೈಸೆನ್ಸಿನಲ್ಲಿ ಬೈಕು ಮಾತ್ರವಾ, ಕಾರೂ ಓಡಿಸಬಹುದಾ ಅಂತ ಬರೆದಿರುತ್ತದಲ್ವಾ, ಹಾಗೆ.

ಮಕ್ಕಳ ಕಾರ್ಡಿನಲ್ಲಿ ಹುಟ್ಟಿದ ತಾರೀಖು ತುಂಬಾ ಮುಖ್ಯ. 10 ಮತ್ತು 11 ವರ್ಷದವರು ಜೂನಿಯರ್ ಓಪನ್ ವಾಟರ್ ಮಾಡಿದ್ದರೂ 12 ಮೀಟರ್ ದಾಟುವ ಹಾಗಿಲ್ಲ, ಜೊತೆಗೆ ಡೈವಿಂಗ್ ಕಲಿತ ಅಪ್ಪ, ಅಮ್ಮ ಅಥವಾ ವೃತ್ತಿಪರ ಡೈವರ್ ಇರಬೇಕು. 15 ತುಂಬಿದರೆ ಜೂನಿಯರ್ ಅನ್ನುವುದು ಹೋಗುತ್ತದೆ.

ಸಂಸ್ಥೆಗಳೂ ಹಲವು. ಪಾಡಿ, ಎಸ್‌ಎಸ್‌ಐ, ನೌಯಿ, ನಕ್ಷತ್ರಗಳ ಲೆಕ್ಕದ ಸಿಮಾಸ್. ಯುರೋಪಿನವರು ಎರಡು ನಕ್ಷತ್ರದ ಕಾರ್ಡ್ ಚಾಚಿದರೆ ನಮ್ಮ ಬೋಟಿನ ಹೊಸ ಹುಡುಗರು ನನ್ನ ಮುಖ ನೋಡುತ್ತಾರೆ. ಇದಕ್ಕೊಂದು ದಾರಿ ಆಗಲೇ ಇದೆ. ಐಎಸ್‌ಒ 24801 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೂರು ಮಟ್ಟ. 1 ಅಂದರೆ ಮೇಲ್ವಿಚಾರಣೆಯಲ್ಲಿ ಮಾತ್ರ, 2 ಅಂದರೆ ಬಡ್ಡಿ ಜೊತೆ ಸ್ವಂತವಾಗಿ, 3 ಅಂದರೆ ಬೇರೆಯವರನ್ನು ಕರೆದುಕೊಂಡು ಹೋಗಬಲ್ಲ ಡೈವ್ ಲೀಡರ್. ಕೆಲವು ಕಾರ್ಡುಗಳಲ್ಲಿ ಈ ನಂಬರ್ ಇರುತ್ತದೆ, ಆದರೆ ಓದಲು ಭೂತಗನ್ನಡಿ ಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಬೇರೆ. ಓಪನ್ ವಾಟರ್ ಕಾರ್ಡಿಗೆ ಅವಧಿಯೇ ಇಲ್ಲ. ಕಾಲೇಜಿನಲ್ಲಿದ್ದಾಗ ಅಂಡಮಾನಿನಲ್ಲಿ ಕಲಿತವರು, ಈಗ ಹೊಟ್ಟೆ ಬಂದು, ಬಿಪಿ ಮಾತ್ರೆ ಶುರುವಾಗಿ, ಅದೇ ಕಾರ್ಡ್ ಹಿಡಿದು ಬರುತ್ತಾರೆ. ಫೋಟೋದಲ್ಲಿ ಮೀಸೆ ಇಲ್ಲದ ಹುಡುಗ, ಎದುರಿಗೆ ಬಿಳಿ ಗಡ್ಡದ ಯಜಮಾನರು. ಕಾರ್ಡ್ ಖೋಟಾ ಅಲ್ಲ. ಆದರೆ ಮಾಸ್ಕ್‌ಗೆ ನೀರು ನುಗ್ಗಿದರೆ ಹೊರಹಾಕುವುದು ಅವರ ಕೈಗೆ ಇನ್ನೂ ನೆನಪಿದೆಯಾ? ಅದನ್ನು ಕಾರ್ಡ್ ಹೇಳುವುದಿಲ್ಲ. ಅದಕ್ಕೇ ನಾನು ಲಾಗ್‌ಬುಕ್, ಅಂದರೆ ಮಾಡಿದ ಡೈವ್‌ಗಳನ್ನು ಬರೆದಿಡುವ ಪುಸ್ತಕ, ಕೇಳುವುದು. ರಿಫ್ರೆಶರ್ (ಮರೆತದ್ದನ್ನು ಮತ್ತೆ ಕಲಿಸುವ ಕೋರ್ಸ್) ಮುಗಿಸಿದ ತಾರೀಖನ್ನು ಹೊಸ ಕಾರ್ಡಿನ ಮೇಲೆ ಹಾಕಿಕೊಡುವ ಪದ್ಧತಿ ಪಾಡಿಯಲ್ಲಿದೆ. ಎಲ್ಲರೂ ಹಾಗೆ ಮಾಡಬೇಕು ಅನ್ನುವುದು ನನ್ನ ಆಸೆ. ಆರೋಗ್ಯದ ವಿಷಯ ಮಾತ್ರ ಕಾರ್ಡಿನಲ್ಲಿ ಬೇಡ. ಅದು ಬದಲಾಗುತ್ತಲೇ ಇರುತ್ತದೆ. ಬೋಟ್ ಹತ್ತುವ ಮುಂಚೆ ತುಂಬಿಸಿಕೊಳ್ಳುವ ಮೆಡಿಕಲ್ ಫಾರಂ ಇರುವುದೇ ಅದಕ್ಕೆ. ದಯವಿಟ್ಟು ಅದನ್ನು ಓದಿ ತುಂಬಿ, ಸುಮ್ನೆ ಎಲ್ಲದಕ್ಕೂ 'ಇಲ್ಲ' ಅಂತ ಗೀಚಬೇಡಿ.

ರಕ್ತದ ಗುಂಪು ಹಾಕಿ ಅಂತ ಹೇಳುವವರು ಜಾಸ್ತಿ. ನನಗೆ ಒಪ್ಪಿಗೆಯಿಲ್ಲ. ಕಾರ್ಡ್ ನೋಡಿ ಯಾವ ಆಸ್ಪತ್ರೆಯೂ ರಕ್ತ ಕೊಡುವುದಿಲ್ಲ, ಪರೀಕ್ಷೆ ಮಾಡಿಯೇ ಕೊಡುತ್ತಾರೆ. ಡೈವಿಂಗ್‌ನಲ್ಲಿ ಡಿಕಂಪ್ರೆಶನ್ ತೊಂದರೆ (ಒತ್ತಡ ಇಳಿದಾಗ ಮೈಯಲ್ಲಿ ಗಾಳಿಗುಳ್ಳೆ ಏಳುವುದು) ಆದರೆ ಮೊದಲು ಬೇಕಾಗುವುದು ಆಮ್ಲಜನಕ, ಆಮೇಲೆ ಮತ್ತೆ ಒತ್ತಡ ಕೊಡುವ ರಿಕಂಪ್ರೆಶನ್ ಚೇಂಬರ್. ಆ ಜಾಗದಲ್ಲಿ ಮನೆಯವರ ಫೋನ್ ನಂಬರ್ ಹಾಕಿದರೆ ಹೆಚ್ಚು ಉಪಯೋಗ. ನೈಟ್ರಾಕ್ಸ್ (ಆಮ್ಲಜನಕ ಜಾಸ್ತಿ ಇರುವ ಗಾಳಿ) ಬಳಸಲು ಕಲಿತಿದ್ದರೆ ಅದೂ ಇರಲಿ. ಆ ಕೋರ್ಸ್ ಮಾಡದವರಿಗೆ ಜಾಸ್ತಿ ಆಮ್ಲಜನಕದ ಟ್ಯಾಂಕ್ ಕೊಡುವ ಹಾಗಿಲ್ಲ.

ಇನ್ನೊಂದು. ನೇತ್ರಾಣಿಗೆ ಬರುವವರಲ್ಲಿ ಬಹಳಷ್ಟು ಜನ ಮೊದಲ ಸಲದವರು. ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇಳಿಸುತ್ತಾರೆ, ಮೇಲೆ ಬಂದ ಮೇಲೆ ಹೆಸರು ಬರೆದ ಬಣ್ಣದ ಕಾಗದ ಕೊಡುತ್ತಾರೆ. ಅದು ನೆನಪಿಗೆ ಇಟ್ಟುಕೊಳ್ಳಲು. ಮುಂದಿನ ವರ್ಷ ಅದನ್ನೇ ಲ್ಯಾಮಿನೇಟ್ ಮಾಡಿಸಿಕೊಂಡು ಬಂದು "ನಾನು ಸರ್ಟಿಫೈಡ್" ಅಂದರೆ ನಾನೇನು ಮಾಡಲಿ? 'ಇದು ಡೈವಿಂಗ್ ಅರ್ಹತೆ ಅಲ್ಲ' ಅಂತ ಒಂದು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಿ ಅಂತ ನಮ್ಮ ಕಡೆಯ ಡೈವಿಂಗ್ ಅಂಗಡಿಯವರಿಗೆ ಹೇಳುತ್ತಲೇ ಇದ್ದೇನೆ. ಕಾಗದದ ಅಂದ ಕೆಡುತ್ತದಂತೆ.

ಈಗ ಮಳೆಗಾಲ, ಬೋಟುಗಳು ದಡದಲ್ಲಿವೆ. ಅಕ್ಟೋಬರ್‌ಗೆ ಬರುವವರು ಕಾರ್ಡನ್ನು ಈಗಲೇ ಹುಡುಕಿಡಿ. ಇ-ಕಾರ್ಡ್ ಆದರೆ ಫೋನಿನಲ್ಲಿ ಇಳಿಸಿಕೊಂಡೇ ಬನ್ನಿ, ಜೆಟ್ಟಿಯಲ್ಲಿ ನಿಂತು ಪಾಸ್‌ವರ್ಡ್ ನೆನಪಿಸಿಕೊಳ್ಳುತ್ತಾ ಕೂತರೆ ಬೋಟು ಕಾಯುವುದಿಲ್ಲ. ಹೆಸರಿನ ಸ್ಪೆಲ್ಲಿಂಗ್ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತಲೂ ಒಮ್ಮೆ ನೋಡಿ.