ಗೂಡಿಗೊಂದು ಬೆಳಕಿಂಡಿ

ಈ ವಾರ ಮೂರು ರಾತ್ರಿ ಸರಿಯಾಗಿ ನಿದ್ದೆ ಆಗಿಲ್ಲ. ಮಳೆ ಜೋರಾದಾಗಲೆಲ್ಲ ಎದ್ದು, ಟಾರ್ಚ್ ಹಿಡಿದುಕೊಂಡು ಅಂಗಳದ ಆಚೆ ತುದಿಗೆ ಹೋಗಿದ್ದೇನೆ. ಗೂಡಿನೊಳಗೆ ತಲೆ ಹಾಕಿ, ಹೊಸ ಕಿಟಕಿಯ ಕೆಳಗಿನ ಮೂಲೆಗೆ ಬೆರಳು ಒತ್ತಿ ನೋಡಿದ್ದೇನೆ. ಮಂಗಳವಾರ ಬೆರಳು ಒದ್ದೆಯಾಯಿತು. ನಿನ್ನೆ ರಾತ್ರಿ ಆಗಲಿಲ್ಲ.

ಗೂಡು ಅಂದರೆ ನಾನೇ ಮಾಡಿದ ಟಿಯರ್‌ಡ್ರಾಪ್ ಟ್ರೈಲರ್. ಹೆಸರಿಟ್ಟಿದ್ದು ಅಮ್ಮ. ಜೀಪಿನ ಹಿಂದೆ ಕಟ್ಟಿ ಎಳೆಯುವ, ಇಬ್ಬರು ಮಲಗುವಷ್ಟೇ ಜಾಗದ ಪುಟ್ಟ ಗಾಡಿ. ಪಕ್ಕದಿಂದ ನೋಡಿದರೆ ನೀರಿನ ಹನಿಯ ಆಕಾರ. ಮುಂದೆ ಗುಂಡಗೆ, ಹಿಂದಕ್ಕೆ ಇಳಿಜಾರು. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. 1930ರ ದಶಕದಲ್ಲೇ ಅಮೆರಿಕದಲ್ಲಿ ಜನ ಇಂಥವನ್ನು ಮನೆಯಲ್ಲಿ ಮಾಡಿಕೊಳ್ಳುತ್ತಿದ್ದರು. ಪ್ಲೈವುಡ್ ಹಾಳೆ ಬರುವುದು 8 ಅಡಿಗೆ 4 ಅಡಿ. ನನ್ನ ಗಾಡಿಯೂ ಅಷ್ಟೇ ಉದ್ದ, ಅಷ್ಟೇ ಎತ್ತರ. ಒಂದು ಪಕ್ಕಕ್ಕೆ ಒಂದು ಹಾಳೆ. ರಸ್ತೆಗೆ ಇಳಿಸಬೇಕಾದರೆ ಟ್ರೈಲರ್‌ಗೂ ನೋಂದಣಿ ಬೇಕು, ಅದು ಇನ್ನೂ ಆಗಿಲ್ಲ. ಹಾಗಾಗಿ ಸದ್ಯಕ್ಕೆ ಆಲ್ದೂರಿನ ಹತ್ತಿರದ ನಮ್ಮ ತೋಟದೊಳಗೇ ಅದರ ಓಡಾಟ.

ರೊಬಸ್ಟಾ ಕಾಫಿ ಕುಯ್ಲು ಮುಗಿದ ಮೇಲೆ ಒಂದು ಸಂಜೆ ಅಮ್ಮನನ್ನು ಕರೆದು ತೋರಿಸಿದೆ. ಬಾಗಿಲು ಗಟ್ಟಿ ಪ್ಲೈವುಡ್. ಗಾಳಿಗೆ ಮೇಲೊಂದು ಸಣ್ಣ ಫ್ಯಾನ್ ಕಿಂಡಿ. ಹಾಸಿಗೆ ಹಾಸಿದ್ದೆ. ಅಮ್ಮ ಒಳಗೆ ಹೋಗಿ ಮಲಗಿದಳು. ನಾನು ಎರಡೂ ಬಾಗಿಲು ಹಾಕಿದೆ. ಒಂದು ನಿಮಿಷ ಸದ್ದೇ ಇಲ್ಲ. ಆಮೇಲೆ ಒಳಗಿಂದ ಮಾತು ಬಂತು.

"ಇದ್ರೊಳಗೆ ಬೆಳಗಾಗಿದ್ದು ಹೆಂಗೆ ಗೊತ್ತಾಗುತ್ತೆ ಮಾರಾಯ?"

"ಮೊಬೈಲ್ ಇರುತ್ತಲ್ಲಮ್ಮ. ಅಲಾರಂ ಇಟ್ಟರಾಯಿತು."

"ಗಂಟೆ ಎಷ್ಟಾಯ್ತು ಅಂತ ಕೇಳಲಿಲ್ಲ ನಾನು. ಬೆಳಗಾಗಿದ್ದು ಅಂದೆ."

ಅಷ್ಟೇ ಮಾತು. ಎದ್ದು ಬಂದು, ಸೆರಗು ಕೊಡವಿಕೊಂಡು, ಹಸುವಿಗೆ ಹುಲ್ಲು ಹಾಕಲು ಹೋದಳು. ನನಗೆ ಆ ಮಾತು ಬಿಡಲೇ ಇಲ್ಲ. ಎರಡು ವರ್ಷ ಭಾನುವಾರಗಳನ್ನೆಲ್ಲ ಸುರಿದು ಮಾಡಿದ ಗಾಡಿ. ಮಳೆ ಬರಬಾರದು, ಚಳಿ ತಟ್ಟಬಾರದು, ಇರುವೆ ಹೋಗಬಾರದು ಅಂತ ಒಂದೊಂದು ಸಂದನ್ನೂ ಮುಚ್ಚಿದ್ದೆ. ಬೆಳಕನ್ನೂ ಮುಚ್ಚಿದ್ದೇನೆ ಅಂತ ಹೊಳೆದೇ ಇರಲಿಲ್ಲ.

ಮುಂದುಗಡೆ ಕಿಟಕಿ ಇಡುತ್ತೇನೆ ಅಂದಾಗ ಚಿಕ್ಕಪ್ಪನ ಮಗ ಬೇಡವೇ ಬೇಡ ಅಂದ. "ಸುಮ್ನೆ ದುಡ್ಡು ದಂಡ" ಅಂದ. ಅವನು ಯಾವುದಕ್ಕೂ ಹಾಗೇ ಅನ್ನುತ್ತಾನೆ. ಮನೆಗೆ ಪುಸ್ತಕ ತಂದರೂ ಅದೇ ಮಾತು. ಆ ಲೆಕ್ಕ ನನಗೆ ಯಾವತ್ತೂ ಹಿಡಿಸಿಲ್ಲ.

ಆದರೆ ಚಿಕ್ಕಮಗಳೂರಿನ ಲಾರಿ ಬಾಡಿ ಶೆಡ್ಡಿನ ಮೇಸ್ತ್ರಿ ಹೇಳಿದ್ದನ್ನು ಕೇಳಲೇಬೇಕಿತ್ತು. "ಮುಂದೆ ಕಿಟಕಿ ಇಟ್ರೆ ಎರಡು ಕಷ್ಟ ಸಾರ್. ಜೀಪಿನ ಚಕ್ರ ಕಲ್ಲು ಎಸೆಯುತ್ತೆ. ಎರಚಲು ಮಳೆ ನೇರ ಅಲ್ಲಿಗೇ ಬಡಿಯುತ್ತೆ." ಎರಡೂ ನಿಜ. ಗಾಜು ಬೇಡ, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಕಿ ಅಂತಲೂ ಅವರೇ ಅಂದರು. ಪೊಲೀಸರು ಕಲ್ಲೇಟಿಗೆ ಅಡ್ಡ ಹಿಡಿಯುವ ಗುರಾಣಿ ಇರುತ್ತಲ್ವಾ, ಅದೇ ವಸ್ತು. ಗೂಡಿನ ಮುಂಭಾಗ ಬೇರೆ ಬಾಗಿದೆ. ಗಾಜು ಬಗ್ಗುವುದಿಲ್ಲ. ಪಾಲಿಕಾರ್ಬೊನೇಟನ್ನು ಬಿಸಿ ಮಾಡದೆಯೇ ಬಗ್ಗಿಸಬಹುದು, ಬಾಗಿನ ತ್ರಿಜ್ಯ ಅದರ ದಪ್ಪದ 100ರಿಂದ 150 ಪಟ್ಟು ಇದ್ದರೆ ಸಾಕು. ನನ್ನದು 3 ಮಿಲಿಮೀಟರ್ ಹಾಳೆ, ಅದಕ್ಕೆ ಒಂದೂವರೆ ಅಡಿ ತ್ರಿಜ್ಯ ಸಾಕು, ಗೂಡಿನದು ಸುಮಾರು 2 ಅಡಿ. ಆರಾಮಾಗಿ ಕೂತಿತು.

ಕಳೆದ ಭಾನುವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಮರ ಕೊಯ್ಯುವ ಜಿಗ್‌ಸಾ ಮೆಷಿನ್ ಹಿಡಿದು ನಿಂತೆ. ನಾನೇ ಬಗ್ಗಿಸಿ, ಅಂಟಿಸಿ, ಉಜ್ಜಿ ನುಣುಪು ಮಾಡಿದ ಮುಂಭಾಗ. ಅದಕ್ಕೆ ತೂತು ಹೊಡೆಯಲು ಕೈ ಏಳಲಿಲ್ಲ. ಹೆಂಡತಿ ಅಗಲ 2 ಅಡಿ, ಎತ್ತರ 15 ಇಂಚು ಅಂತ ಗೆರೆ ಹಾಕಿಕೊಟ್ಟಳು. ಮೂಲೆಗಳನ್ನು ಡಬ್ಬಿ ಮುಚ್ಚಳ ಇಟ್ಟು ಗುಂಡಗೆ ಮಾಡಿದಳು. ಚೌಕ ಮೂಲೆಯಿಂದಲೇ ಬಿರುಕು ಶುರುವಾಗುವುದು. ಬಾಗಿನ ಉದ್ದಕ್ಕೂ ಅಡಿಗೊಂದರಂತೆ ಅಡ್ಡಪಟ್ಟಿ ಇವೆ, ಹೆಂಚಿನ ಮಾಡಿನ ರೀಪಿನ ಹಾಗೆ. ಅದರಲ್ಲಿ ಒಂದನ್ನು ಕತ್ತರಿಸಬೇಕಾಯಿತು. ಬದಲಿಗೆ ಕಿಟಕಿಯ ಸುತ್ತ ಹೊನ್ನೆ ಮರದ ಚೌಕಟ್ಟು ಕೂರಿಸಿ, ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಸೇರಿಸಿದೆ. ಕತ್ತರಿಸಿದ ಪ್ಲೈವುಡ್ ಅಂಚಿಗೆ ನೀರು ಹೋಗದ ಹಾಗೆ ಎಪಾಕ್ಸಿ ಅಂಟು, ಮೂರು ಕೋಟು. ಬರೀ ಅಂಚು ಸ್ಪಂಜಿನ ಹಾಗೆ ನೀರು ಕುಡಿಯುತ್ತೆ. ಆಮೇಲೆ ಸುತ್ತ ಬ್ಯೂಟೈಲ್ ಟೇಪ್ ಅನ್ನುವ ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಅಲ್ಯೂಮಿನಿಯಂ ಪಟ್ಟಿ, ಸ್ಕ್ರೂ. ಸಂದು ಮುಚ್ಚುವ ಮಾಮೂಲಿ ಸಿಲಿಕೋನ್ ಹಾಕಬಾರದು. ವಿನೆಗರ್ ವಾಸನೆ ಬರುತ್ತಲ್ಲ, ಆ ಜಾತಿಯದು ಪಾಲಿಕಾರ್ಬೊನೇಟಿಗೆ ಬಿರುಕು ತರುತ್ತೆ.

ಮಂಗಳವಾರ ರಾತ್ರಿ ಮೃಗಶಿರ ಮಳೆ ಗಾಳಿ ಕಟ್ಟಿಕೊಂಡು ಬಂತು. ಎಡಗಡೆಯ ಕೆಳ ಮೂಲೆಯಿಂದ ನೀರು ಇಳಿದು ಹಾಸಿಗೆ ಒದ್ದೆ.

ಬುಧವಾರ ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ, ಅಷ್ಟೇ. ಕರೆಯಲಿಲ್ಲ. ಮಧ್ಯಾಹ್ನ ರೈನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಬಂದೇಬಿಟ್ಟರು. ದುಡ್ಡು ಮುಟ್ಟಲಿಲ್ಲ, ಒಂದು ಲೋಟ ಕಾಫಿ ಕುಡಿದರು. ಕೆಲಸ ಬಲ್ಲವರಲ್ಲಿ ಇಂಥ ದೊಡ್ಡತನ ನಾನು ಜಾಸ್ತಿ ನೋಡಿದ್ದೇನೆ. ಬೆರಳಲ್ಲಿ ಪಟ್ಟಿ ಸವರಿ, "ಬಿಗಿ ಜಾಸ್ತಿ ಆಗಿದೆ ಸಾರ್" ಅಂದರು. ಸ್ಕ್ರೂ ತಿರುಗಿಸಿದಷ್ಟೂ ಭದ್ರ ಅಂತ ನಾನು ತಿರುಗಿಸಿದ್ದೆ. ಸ್ಕ್ರೂ ಇರುವಲ್ಲಿ ಬ್ಯೂಟೈಲ್ ಎಲ್ಲ ಹಿಂಡಿ ಆಚೆ ಬಂದಿತ್ತು. ಎರಡು ಸ್ಕ್ರೂ ನಡುವೆ ಹಾಳೆ ಉಬ್ಬಿತ್ತು. ಜತೆಗೆ ತೂತುಗಳು ಸ್ಕ್ರೂ ಗಾತ್ರಕ್ಕೇ ಇದ್ದವು. ಬಿಸಿಲಿಗೆ ಪಾಲಿಕಾರ್ಬೊನೇಟ್ ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು ಹಿಗ್ಗುತ್ತೆ. ಅದಕ್ಕೆ ಅಲುಗಾಡಲು ಜಾಗ ಬೇಕು. ಹಾಳೆ ಬಿಚ್ಚಿ, 4 ಮಿಲಿಮೀಟರ್ ತೂತನ್ನು 6 ಮಾಡಿ, ಹೊಸ ಟೇಪ್ ಹಾಕಿ, ಎದುರು ಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆವು. ಮೇಲಿನ ಪಟ್ಟಿ ಪಕ್ಕದ ಪಟ್ಟಿಗಳ ಮೇಲೆ ಕೂರುವ ಹಾಗೆ ಮಾಡಿದೆವು, ಹೆಂಚು ಹೊದಿಸುವ ಕ್ರಮದಲ್ಲಿ. ಕಲ್ಲೇಟು ತಪ್ಪಿಸಲು ಕಿಟಕಿಗೆ ಒಂದು ಮುಚ್ಚಳ. ಮೇಲೆ ಕೀಲು, ಎಳೆಯುವಾಗ ಮುಚ್ಚಬೇಕು. ನಿಂತಾಗ ಎತ್ತಿ ಕಡ್ಡಿ ಕೊಟ್ಟರೆ ಅದೇ ಸೂರು.

ನಿನ್ನೆ ಗುರುವಾರ ಸಂಜೆ ಅಮ್ಮನನ್ನು ಮತ್ತೆ ಕರೆದೆ. ಮಳೆ ಜಿನುಗುತ್ತಿತ್ತು. ಇದರಲ್ಲಿ ತಲೆ ಮುಂಭಾಗಕ್ಕೆ ಇಟ್ಟು ಮಲಗುವುದು. ಹಾಗಾಗಿ ಕಿಟಕಿ ಸರಿಯಾಗಿ ತಲೆಯ ಮೇಲೆ ಬರುತ್ತದೆ. ಅಮ್ಮ ಮಲಗಿದಳು, ನಾನು ಪಕ್ಕದಲ್ಲಿ. ಸಿಲ್ವರ್ ಓಕಿನ ತುದಿಗಳು, ಅದರ ಹಿಂದೆ ಬೂದು ಬಣ್ಣದ ಆಕಾಶ, ಹಾಳೆಯ ಮೇಲೆ ಇಳಿಯುವ ಹನಿಗಳು.

"ಗಾಜಿನ ಹೆಂಚಿನ ಹಂಗೇ ಐತಲ್ಲೋ" ಅಂದಳು.

ಆಗ ನನಗೆ ಎಲ್ಲ ಒಟ್ಟಿಗೇ ನೆನಪಾಯಿತು. ನಮ್ಮ ಅಡುಗೆಮನೆಗೆ ಕಿಟಕಿ ಇಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ನೆಲಕ್ಕೆ ಒಂದು ಬಿಸಿಲಿನ ಚೌಕ ಬೀಳುತ್ತಿತ್ತು. ಅದು ಒರಳಿನ ಹತ್ತಿರ ಬಂತು ಅಂದರೆ ನಾವು ಸ್ಕೂಲಿಗೆ ಹೊರಡಬೇಕು. ಒರಳು ದಾಟಿತು ಅಂದರೆ ಆಳುಗಳಿಗೆ ಕಾಫಿ. ಮಳೆಗಾಲದಲ್ಲಿ ಎರಡು ತಿಂಗಳು ಆ ಚೌಕವೇ ಇರುತ್ತಿರಲಿಲ್ಲ. ಅಮ್ಮನಿಗೆ ಬೆಳಗು ಅಂದರೆ ಆ ಗಾಜು ಕಪ್ಪಿನಿಂದ ಬೂದಿಗೆ ತಿರುಗುವುದು. ಅದನ್ನೇ ಅವಳು ಕೇಳಿದ್ದು. ನಾನು ಅಲಾರಂ ಅಂದೆ.

ಮನೆ ಕಟ್ಟಿಸಿದ್ದು ಅಪ್ಪ. ಹಜಾರಕ್ಕೆ ನಾಲ್ಕು ಕಿಟಕಿ ಇಡಿಸಿದರು, ಯಾರು ಬಂದರು ಹೋದರು ಕಾಣಲಿ ಅಂತ. ಒಳ್ಳೆಯ ಮನುಷ್ಯ, ಯಾರನ್ನೂ ಬರಿಗೈಲಿ ಕಳಿಸಿದವರಲ್ಲ. ಆದರೆ ಅಡುಗೆಮನೆಯಲ್ಲಿ ದಿನಕ್ಕೆ ಏಳೆಂಟು ಗಂಟೆ ನಿಲ್ಲುವವರಿಗೆ ಏನು ಕಾಣಬೇಕು ಅಂತ ಅವರು ಕೇಳಲಿಲ್ಲ. ಅವರು ಹೋದ ಮೇಲೆ ಮನೆ ನನ್ನ ಕೈಗೆ ಬಂತು. ನಾನೂ ಕೇಳಲಿಲ್ಲ. ಒಲೆಯ ಹಿಂದಿನ ಗೋಡೆಯ ಆಚೆಗೇ ಕಣ ಇದೆ. ಕಾಫಿ ಒಣಗಲು ಹಾಕಿದಾಗ ಮೋಡ ಕವಿದರೆ ಎಲ್ಲರಿಗೂ ಕಾಣುತ್ತೆ, ಅಮ್ಮನಿಗೆ ಮಾತ್ರ ಕಾಣುವುದಿಲ್ಲ. ಹೆಂಚಿನ ಮೇಲೆ ಮೊದಲ ಹನಿ ಬಿದ್ದ ಸದ್ದಿಗೆ ಓಡಿ ಬರುತ್ತಿದ್ದಳು. ನಲವತ್ತು ವರ್ಷ ಹಾಗೇ ಓಡಿದ್ದಾಳೆ.

ಎರಡು ವರ್ಷದಿಂದ ನಾನು ಅಳತೆ ಪಟ್ಟಿ ಹಿಡಿದುಕೊಂಡು ಆ ಗೋಡೆಯ ಪಕ್ಕದಲ್ಲೇ ಓಡಾಡಿದ್ದೇನೆ. ಒಂದು ಸಲವೂ ಅದಕ್ಕೆ ಪಟ್ಟಿ ಹಿಡಿದಿರಲಿಲ್ಲ.

ಇವತ್ತು ಬೆಳಿಗ್ಗೆ ಗಾರೆ ಕೆಲಸದವರನ್ನು ಕರೆಸಿದೆ. ಇಟ್ಟಿಗೆ ಗೋಡೆ, ಮೇಲೆ ಲಿಂಟಲ್ ಹಾಕಿದರೆ ತೊಂದರೆ ಇಲ್ಲ, ಮಳೆ ಕಡಿಮೆಯಾದ ಮೇಲೆ ಒಡೆಯೋಣ ಅಂದರು. ಅಮ್ಮನನ್ನು ಒಲೆಯ ಮುಂದೆ ನಿಲ್ಲಿಸಿ, ಅವಳ ಕಣ್ಣಿನ ಎತ್ತರ ಅಳೆದೆ. 4 ಅಡಿ 7 ಇಂಚು. ಅದಕ್ಕಿಂತ ಒಂದು ಅಡಿ ಕೆಳಗೆ, ಕಿಟಕಿಯ ತಳಕ್ಕೆ ಅಂತ ಪೆನ್ಸಿಲ್ ಗೆರೆ ಎಳೆದೆ. ಅಮ್ಮ ಗೆರೆ ನೋಡಿದಳು. ಮೂಲೆಯ ಮಣೆಯ ಮೇಲೆ ಕೂತು ಮತ್ತೊಮ್ಮೆ ನೋಡಿದಳು.

"ಇನ್ನೂ ಕೆಳಗೆ ಮಾಡು. ಕೂತಾಗ್ಲೂ ಕಾಣ್ಲಿ."

ಗೆರೆ ಅಳಿಸಿ, ಇನ್ನೂ ಒಂದೂವರೆ ಅಡಿ ಕೆಳಗೆ ಹಾಕಿದೆ.