ಬ್ಲೂಸ್ ಪಿಯಾನೊ ಕಲಿಕೆ: ಏಳನೇ ತಿಂಗಳಿಗೆ ಎಡಗೈ ದಾರಿಗೆ ಬಂತು

ಕಳೆದ ಭಾನುವಾರ ಹನ್ನೆರಡು ಬಾರ್ ಬ್ಲೂಸನ್ನು (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ; ನಾಲ್ಕು ಎಣಿಕೆಯ ತುಂಡು ಒಂದು ಬಾರ್, ಹನ್ನೆರಡು ಸೇರಿದರೆ ಒಂದು ಸುತ್ತು) ನಾಲ್ಕು ಸುತ್ತು ನಿಲ್ಲಿಸದೆ ನುಡಿಸಿದೆ. ಎರಡೂ ಕೈ ಸೇರಿಸಿ, ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 84ಕ್ಕೆ ಇಟ್ಟು. ಇದು ಮೊದಲ ಸಲ. ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕೀಬೋರ್ಡ್ ಮುಂದೆಯೇ ಕೂತಿದ್ದೆ, ಅಷ್ಟು ಖುಷಿಯಾಗಿತ್ತು.

ಹೊಸದಾಗಿ ಓದುತ್ತಿರುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇರುವುದು 61 ಕೀಗಳ ಕೀಬೋರ್ಡ್, ಒಂದು ಹೆಡ್‌ಫೋನ್, ವೀಡಿಯೊ ನೋಡಲು ಫೋನ್. ಮೇಷ್ಟ್ರು ಅಂತ ಯಾರೂ ಇಲ್ಲ. ಶಾಲೆಯ ದಿನಗಳಲ್ಲಿ ಕರ್ನಾಟಕ ಸಂಗೀತದ ಸರಳೆ, ಜಂಟಿ, ಒಂದಷ್ಟು ಗೀತೆ ಹಾಡಿದ್ದೆ, ಅಲ್ಲಿಗೇ ನಿಂತಿತ್ತು. ದಿನಾ ರಾತ್ರಿ ಒಂಬತ್ತರಿಂದ ಹತ್ತು ನನ್ನ ಅಭ್ಯಾಸದ ಹೊತ್ತು.

ಮೊದಲ ಎರಡು ತಿಂಗಳು ಹೋಗಿದ್ದು ಬಲಗೈಗೆ. ದುಡ್ಡು ಕೊಟ್ಟು ಸೇರಿದ್ದ ವೀಡಿಯೊ ಕೋರ್ಸಿನಲ್ಲಿ ಮೊದಲ ಪಾಠದಿಂದಲೇ ಲಿಕ್‌ಗಳು, ಅಂದರೆ ಬಲಗೈಯ ಸಣ್ಣ ಸಣ್ಣ ತುಣುಕುಗಳು. ಕೇಳೋಕೆ ಚೆನ್ನಾಗಿರುತ್ತವೆ, ಬೇಗ ಬಂದುಬಿಡುತ್ತವೆ. ಹದಿನೈದು ಕಲಿತೆ. ಎಡಗೈ ಸೇರಿಸಿದ ತಕ್ಷಣ ಒಂದೂ ಉಳಿಯಲಿಲ್ಲ. ಬ್ಲೂಸ್ ಪಿಯಾನೊದಲ್ಲಿ ಎಡಗೈಯೇ ಮನೆಯ ಯಜಮಾನ. ಬಲಗೈ ಎಲ್ಲಿ ಬೇಕಾದರೂ ಸುತ್ತಾಡಿ ಬರಬಹುದು, ಎಡಗೈ ಮನೆ ಬಿಡುವ ಹಾಗಿಲ್ಲ. ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆಮೇಲೆ ಎಲ್ಲ ಬಿಟ್ಟು ಎಡಗೈಯಿಂದ ಶುರು ಮಾಡಿದೆ. ಕಿರುಬೆರಳು ಸಿ ಅನ್ನುವ ಕೀ ಮೇಲೆ, ತೋರುಬೆರಳು ಜಿ ಮೇಲೆ, ಹೆಬ್ಬೆರಳು ಎ ಮೇಲೆ. ಸಿ-ಜಿ ಒಟ್ಟಿಗೆ, ಆಮೇಲೆ ಸಿ-ಎ ಒಟ್ಟಿಗೆ, ಮತ್ತೆ ಸಿ-ಜಿ. ನಮ್ಮ ಲೆಕ್ಕದಲ್ಲಿ ಸ-ಪ, ಸ-ದ. ಅಷ್ಟೇ. ಇದೇ ಕೈಯನ್ನು ಎತ್ತಿ ಎಫ್‌ಗೆ ಇಟ್ಟರೆ ಅಲ್ಲೂ ಇದೇ ಆಟ, ಜಿಗೆ ಇಟ್ಟರೆ ಅಲ್ಲೂ ಇದೇ. ಎಲ್ಲವೂ ಬಿಳಿ ಕೀಗಳೇ. ಬೆರಳಿಗೆ ಕಷ್ಟವೇನೂ ಇಲ್ಲ. ಕಷ್ಟ ಇರುವುದು ಲಯದಲ್ಲಿ.

ವೀಡಿಯೊದಲ್ಲಿ ಕೈಯನ್ನು ಮೇಲಿನಿಂದ ತೋರಿಸುತ್ತಾರೆ. ಯಾವ ಕೀ ಒತ್ತಬೇಕು ಅಂತ ಗೊತ್ತಾಗುತ್ತದೆ. ಯಾವಾಗ ಒತ್ತಬೇಕು ಅನ್ನುವುದು ಕಣ್ಣಿಗೆ ಸಿಗುವುದಿಲ್ಲ. ನಾನು ಸಮ ಸಮವಾಗಿ ಟಕ್ ಟಕ್ ಟಕ್ ಟಕ್ ಅಂತ ಒತ್ತುತ್ತಿದ್ದೆ. ಸ್ವರ ಸರಿ ಇದ್ದರೂ ಬ್ಲೂಸ್ ಕೇಳಿಸುತ್ತಿರಲಿಲ್ಲ. ಮೂರು ವಾರ ಇದೇ ಆಯಿತು.

ಬಿಡಿಸಿಕೊಟ್ಟಿದ್ದು ಅಕ್ಕನ ಮಗಳು. ಮೃದಂಗ ಕಲಿಯುತ್ತಿದ್ದಾಳೆ. ರಜೆಗೆ ಬಂದಿದ್ದವಳು ನಾನು ಕೇಳುತ್ತಿದ್ದ ರೆಕಾರ್ಡಿಂಗಿಗೆ ತೊಡೆ ಮೇಲೆ ತಟ್ಟುತ್ತಾ, "ಮಾವ, ಇದು ತಿಶ್ರ ನಡೆ ಅಲ್ವಾ? ತಕಿಟ ತಕಿಟ ಅಂತ ಹೇಳ್ಕೊಳ್ಳಿ. 'ಕಿ' ಮಾತ್ರ ಮನಸ್ಸಲ್ಲೇ ಹೇಳಿ, ಕೈಗೆ ಬೇಡ" ಅಂದಳು.

ಬ್ಲೂಸಿನ ಈ ತೂಗಾಡುವ ಲಯಕ್ಕೆ ಷಫಲ್ ಅನ್ನುತ್ತಾರೆ, ಅದು ಇಷ್ಟೇ ನೋಡಿ. ಒಂದು ಎಣಿಕೆಯನ್ನು ಮೂರು ಪಾಲು ಮಾಡುವುದು, ಒಂದನೆಯದು ಮತ್ತು ಮೂರನೆಯದಕ್ಕೆ ಮಾತ್ರ ನುಡಿಸುವುದು. ತ, ಖಾಲಿ, ಟ. ತ, ಖಾಲಿ, ಟ. ಇಂಗ್ಲಿಷ್ ವೀಡಿಯೊಗಳಲ್ಲಿ ಟ್ರಿಪ್ಲೆಟ್, ಟ್ರಿಪ್ಲೆಟ್ ಅಂತ ಹತ್ತಾರು ಸಲ ಕೇಳಿದ್ದೆ. ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ. ಬಾಯಲ್ಲಿ ತಕಿಟ ಹೇಳಿಕೊಂಡು ನುಡಿಸಿದ ರಾತ್ರಿಯೇ ಎಡಗೈ ತೂಗಾಡಲು ಶುರುವಾಯಿತು. 60ರಲ್ಲಿ ಹತ್ತು ದಿನ, ಆಮೇಲೆ ನಾಲ್ಕು ನಾಲ್ಕರಂತೆ ಏರಿಸಿದೆ.

ಬಾಗಿಲು ತೆರೆದ ಮೇಲೆ ಇನ್ನೊಂದು ಲೆಕ್ಕವೂ ಸಿಕ್ಕಿತು. ಹನ್ನೆರಡು ಬಾರ್, ಒಂದೊಂದಕ್ಕೂ ನಾಲ್ಕು ಎಣಿಕೆ, ಒಟ್ಟು 48. ಎಂಟು ಎಣಿಕೆಯ ಆದಿತಾಳದಲ್ಲಿ ಸರಿಯಾಗಿ ಆರು ಆವರ್ತನ. ಮೊದಲ ಎರಡು ಆವರ್ತನ ಸ, ಅಂದರೆ ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಮೂರನೆಯದು ಮ, ಅಂದರೆ ಎಫ್. ನಾಲ್ಕನೆಯದಕ್ಕೆ ಮನೆಗೆ ವಾಪಸ್. ಐದನೆಯದರಲ್ಲಿ ಮಾತ್ರ ಆವರ್ತನ ಎರಡಾಗಿ ಒಡೆಯುತ್ತದೆ: ಲಘುವಿನ ನಾಲ್ಕು ಎಣಿಕೆಗೆ ಪ, ಅಂದರೆ ಜಿ; ಉಳಿದ ನಾಲ್ಕಕ್ಕೆ, ಅಂದರೆ ಎರಡು ದ್ರುತಕ್ಕೆ ಮ. ಆರನೆಯದು ಮತ್ತೆ ಸ. ನಾನು ದಾರಿ ತಪ್ಪುತ್ತಿದ್ದದ್ದು ಯಾವಾಗಲೂ ಒಂಬತ್ತು-ಹತ್ತನೇ ಬಾರಿನಲ್ಲಿ. ಅದು ಈ ಐದನೇ ಆವರ್ತನ ಅಂತ ತಿಳಿದ ಮೇಲೆ ಮೈಯೇ ಎಚ್ಚರಿಸುತ್ತದೆ. ಹಾಡಿನ ಸಾಲುಗಳೂ ಸಾಮಾನ್ಯವಾಗಿ ಇದಕ್ಕೆ ಹೊಂದಿಕೊಂಡೇ ಇರುತ್ತವೆ. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೇ ಸಾಲಿಗೆ ಉತ್ತರ. ಪ್ರತಿ ಸಾಲು ಮುಗಿದ ಮೇಲೆ ಉಳಿಯುವ ಜಾಗದಲ್ಲಿ ಪಿಯಾನೊ ಮಾತಾಡುತ್ತದೆ.

ಬಲಗೈ ವಿಷಯ. ಬ್ಲೂಸ್ ಸ್ಕೇಲ್ (ಸ್ವರಗಳ ಸಾಲು) ಸಿ ಕೀಯಲ್ಲಿ, ಅಂದರೆ ಸಿಯನ್ನೇ ಸ ಮಾಡಿಕೊಂಡಾಗ, ಸಿ, ಇ ಫ್ಲಾಟ್ (ಇಗಿಂತ ಅರ್ಧ ಸ್ವರ ಕೆಳಗಿನದು), ಎಫ್, ಜಿ ಫ್ಲಾಟ್, ಜಿ, ಬಿ ಫ್ಲಾಟ್. ಜಿ ಫ್ಲಾಟ್ ತೆಗೆದುಬಿಟ್ಟರೆ ಉಳಿಯುವ ಸ್ವರಗಳು ಶುದ್ಧ ಧನ್ಯಾಸಿ ರಾಗದವು. ಮೊದಲು ಗಮನಿಸಿದಾಗ ಮೈ ಜುಮ್ಮೆಂದಿತು. ಆದರೆ ಬ್ಲೂಸಿನ ರುಚಿ ಅಷ್ಟಕ್ಕೇ ಬರುವುದಿಲ್ಲ. ಬ್ಲೂಸ್ ಹಾಡುವವರ ಗಾಂಧಾರ ಎಷ್ಟೋ ಸಲ ಸಾಧಾರಣ (ಇ ಫ್ಲಾಟ್) ಮತ್ತು ಅಂತರದ (ಇ) ನಡುವೆ ಎಲ್ಲೋ ನಿಲ್ಲುತ್ತದೆ. ವೀಣೆಯಲ್ಲಾದರೆ ತಂತಿ ಎಳೆದು ಅಲ್ಲಿಗೆ ಹೋಗಬಹುದು. ಪಿಯಾನೊದಲ್ಲಿ ಆ ಜಾಗಕ್ಕೆ ಕೀಯೇ ಇಲ್ಲ. ಅದಕ್ಕೆ ಪಿಯಾನೊ ನುಡಿಸುವವರು ಮಾಡುವ ಉಪಾಯವನ್ನು ಕ್ರಷ್ ನೋಟ್ ಅನ್ನುತ್ತಾರೆ. ತೋರುಬೆರಳನ್ನು ಇ ಫ್ಲಾಟಿನ ಕಪ್ಪು ಕೀಯ ಅಂಚಿಗೆ ಇಡಬೇಕು. ಒತ್ತಿದ ಕ್ಷಣಕ್ಕೇ ಪಕ್ಕದ ಬಿಳಿ ಇಗೆ ಜಾರಬೇಕು, ಅದೇ ಹೊತ್ತಿಗೆ ಕಿರುಬೆರಳು ಮೇಲಿನ ಜಿ ಒತ್ತಬೇಕು. ತಡವಾದರೆ ಎರಡು ಸ್ವರ ಬಿಡಿ ಬಿಡಿಯಾಗಿ ಕೇಳುತ್ತವೆ. ಬೇಗ ಆದರೆ ಕಪ್ಪು ಕೀ ಕೇಳುವುದೇ ಇಲ್ಲ. ಸರಿಯಾಗಿ ಬಿದ್ದಾಗ ಗಂಟಲು ಸ್ವಲ್ಪ ಕಟ್ಟಿದವರು ಹಾಡಿದ ಹಾಗಿರುತ್ತದೆ. ಇದೊಂದಕ್ಕೇ ದಿನಾ ಹತ್ತು ನಿಮಿಷ ಇಟ್ಟಿದ್ದೇನೆ, ಎಷ್ಟು ಮಾಡಿದರೂ ಬೇಸರ ಬಂದಿಲ್ಲ.

ಸಿ, ಎಫ್, ಜಿ ಮೂರರಲ್ಲೂ ಈ ಜಾರು ಕಪ್ಪಿನಿಂದ ಬಿಳಿಗೆ ಇಳಿಯುತ್ತದೆ, ಹಾಗಾಗಿ ಒಂದೇ ಬೆರಳು ಸಾಕು. ಗಿಟಾರ್ ನುಡಿಸುವ ಗೆಳೆಯನಿಗೆ ಮಾತ್ರ ಇ ಕೀ ಬೇಕು. ಗಿಟಾರಿಗೆ ಅದು ಸುಲಭ. ನನಗೆ ಅಲ್ಲಿ ಬಿಳಿಯಿಂದ ಕಪ್ಪಿಗೆ ಹತ್ತಬೇಕು, ಜಾರಲು ಆಗುವುದಿಲ್ಲ, ಎರಡು ಬೆರಳು ಬೇಕು. ಅದು ಮುಂದಿನ ತಿಂಗಳಿಗೆ.

ಈಗ ಜಾಸ್ತಿ ಕೇಳುತ್ತಿರುವುದು ಜಿಮ್ಮಿ ಯಾನ್ಸಿಯನ್ನು. ಶಿಕಾಗೊದ ಪಿಯಾನೊ ವಾದಕರು. ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಕೊಮಿಸ್ಕಿ ಪಾರ್ಕ್ ಮೈದಾನ ನೋಡಿಕೊಳ್ಳುವುದು ಅವರ ಕೆಲಸ, ವರ್ಷಗಟ್ಟಲೆ ಅದನ್ನೇ ಮಾಡಿದರು. ಮೊದಲ ಸಲ ರೆಕಾರ್ಡ್ ಆಗಿದ್ದು 1939ರಲ್ಲಿ. ಯಾವ ಕೀಯಲ್ಲಿ ನುಡಿಸಿದರೂ ಕೊನೆಗೆ ಇ ಫ್ಲಾಟಿನಲ್ಲಿ ಮುಗಿಸುವುದು ಅವರ ರೂಢಿ. ಅವರು ನುಡಿಸುವ ಬೂಗಿ ವೂಗಿ (ಪಿಯಾನೊ ಬ್ಲೂಸಿನ ಒಂದು ಶೈಲಿ) ಅಂದರೆ ಬರೀ ವೇಗ ಅಂದುಕೊಂಡಿದ್ದೆ. ಇವರದು ಹೆಚ್ಚಿನದು ನಿಧಾನ. ಎಡಗೈ ಎಷ್ಟು ಕಡಿಮೆ ನುಡಿಸುತ್ತದೆ, ಎಷ್ಟು ಜಾಗ ಬಿಡುತ್ತದೆ! ನನ್ನಂಥ ಕೆಲಸ ಮುಗಿಸಿ ಬಂದು ರಾತ್ರಿ ಕೂರುವವರಿಗೆ ಇವರನ್ನು ಕೇಳಿದರೆ ಸಮಾಧಾನ ಸಿಗುತ್ತದೆ.

ವೀಡಿಯೊದಿಂದ ಕಲಿಯುವವರಿಗೆ ನನಗೆ ಉಪಯೋಗಕ್ಕೆ ಬಂದ ಎರಡು ಮಾತು. ಒಂದು ಸಲ ಸೌಂಡ್ ತೆಗೆದು ಕೈ ಮಾತ್ರ ನೋಡಿ, ಇನ್ನೊಂದು ಸಲ ಕಣ್ಣು ಮುಚ್ಚಿ ಬರೀ ಕೇಳಿ. ಒಟ್ಟಿಗೆ ನೋಡಿ ಕೇಳಿದರೆ ಕಣ್ಣೇ ಗೆಲ್ಲುತ್ತದೆ. ಮತ್ತೆ, ವೀಡಿಯೊದಲ್ಲಿರುವ ಮೇಷ್ಟ್ರಿಗೆ ನಿಮ್ಮ ತಪ್ಪು ಕೇಳಿಸುವುದಿಲ್ಲ. ವಾರಕ್ಕೊಮ್ಮೆಯಾದರೂ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಅದೇ ದಿನ ಬೇಡ, ಆಗ ಕಿವಿಗೆ ನಾವು ನುಡಿಸಬೇಕೆಂದುಕೊಂಡಿದ್ದೇ ಕೇಳುತ್ತಿರುತ್ತದೆ.

ಭಾನುವಾರದ್ದನ್ನು ಸೋಮವಾರ ಕೇಳಿದೆ. ಮೊದಲ ಎರಡು ಸುತ್ತು ನಿಜಕ್ಕೂ ಚೆನ್ನಾಗಿವೆ. ಮೂರನೇ ಸುತ್ತಿನಲ್ಲಿ ಜಿಯಿಂದ ಎಫ್‌ಗೆ ಬರುವಾಗ ಎಡಗೈ ಒಂದು ಕೂದಲೆಳೆಯಷ್ಟು ಮುಂಚೆ ಬೀಳುತ್ತಿದೆ, ನಾಲ್ಕನೆಯದರಲ್ಲೂ ಅದೇ. ಈ ವಾರ ಬೇರೇನೂ ಇಲ್ಲ. ಆ ಎರಡು ಬಾರ್ ಮಾತ್ರ, ಮೆಟ್ರೊನೋಮ್ 66ಕ್ಕೆ, ಬಾಯಲ್ಲಿ ತಕಿಟ.