ಹುಣ್ಣಿಮೆಯ ಏಡಿ, ಟರ್ಕಿ ಇಲ್ಲದ ಥ್ಯಾಂಕ್ಸ್‌ಗಿವಿಂಗ್

2018ರ ಥ್ಯಾಂಕ್ಸ್‌ಗಿವಿಂಗ್ ಅನ್ನುವ ಅಮೆರಿಕದ ಸುಗ್ಗಿ ಹಬ್ಬ ಹುಣ್ಣಿಮೆ ದಿನವೇ ಬಿದ್ದಿತ್ತು. ಅಮೆರಿಕದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಆ ವರ್ಷ ಕ್ಯಾಲಿಫೋರ್ನಿಯಾದ ನಮ್ಮ ಫ್ರೀಮಾಂಟ್ ಮನೆಯಲ್ಲಿ ಅಮ್ಮ ಇದ್ದರು. ಕುಂದಾಪುರದಿಂದ ಬರುವಾಗ ಉಪ್ಪಿನಕಾಯಿ, ಮಸಾಲೆ ಪುಡಿ ಜೊತೆ ಪಂಚಾಂಗವನ್ನೂ ತಂದಿದ್ದರು. "ಹುಣ್ಣಿಮಿ ಏಡಿಲಿ ಎಂತ ಇರತ್ತ್? ಬರೀ ನೀರ್" ಅಂತ ತೀರ್ಪು ಕೊಟ್ಟುಬಿಟ್ಟರು. ಅಮಾವಾಸ್ಯೆ ಏಡಿ ಗಟ್ಟಿ, ಹುಣ್ಣಿಮೆ ಏಡಿ ಪೊಳ್ಳು. ನಮ್ಮ ಕರಾವಳಿಯಲ್ಲಿ ಮೀನು ಮಾರುವ ಹೆಂಗಸರೂ ಇದನ್ನೇ ಹೇಳುತ್ತಾರೆ.

ಏಡಿಯ ಮಾತು ಬಂದದ್ದು ಈ ಹಬ್ಬದ ವಾಡಿಕೆಯ ಟರ್ಕಿ ಕೋಳಿ ಬೇಡ ಅಂತಾದ ಮೇಲೆ. ನನಗೆ ಟರ್ಕಿ ಮೇಲೆ ದ್ವೇಷವೇನಿಲ್ಲ. ಚೆನ್ನಾಗಿ ಮಾಡಿದ್ದನ್ನೂ ತಿಂದಿದ್ದೇನೆ. ಆದರೆ ಹದಿನಾಲ್ಕು ಪೌಂಡಿನ ಹೆಪ್ಪುಗಟ್ಟಿದ ಹಕ್ಕಿ ಕರಗಬೇಕಾದರೆ ಮೂರು ದಿನ ಫ್ರಿಜ್ಜಿನ ಒಂದು ಅಂತಸ್ತನ್ನೇ ಅದಕ್ಕೆ ಬಿಟ್ಟುಕೊಡಬೇಕು. ಆಮೇಲೆ ಓವನ್ನಿನಲ್ಲಿ ಗಂಟೆಗಟ್ಟಲೆ. ಒಳಗಿನ ಬಿಸಿ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು ಅಂತ ಸರ್ಕಾರದ ಸಲಹೆ. ಕಾಲಿನ ಮಾಂಸ ಮೆತ್ತಗಾಗುವ ಹೊತ್ತಿಗೆ ಎದೆಯ ಮಾಂಸ ಒಣಗಿ ನಾರಾಗಿರುತ್ತದೆ. ಗ್ರೇವಿ, ಕ್ರ್ಯಾನ್‌ಬೆರಿ ಸಾಸ್ ಎಲ್ಲ ಅದನ್ನು ಗಂಟಲಿಗೆ ಇಳಿಸಲಿಕ್ಕೇ ಹುಟ್ಟಿದವು ಅಂತ ನನ್ನ ಗುಮಾನಿ.

ಊಟಕ್ಕೆ ಇದ್ದವರಾದರೂ ಎಷ್ಟು ಜನ? ನಾವು ಮೂವರು, ಅಮ್ಮ, ಮೈಸೂರಿನ ಗೆಳೆಯ ದಂಪತಿ, ಪಕ್ಕದ ಮನೆಯ ಅಜ್ಜ. ಮೈಸೂರಿನವರು ಪಕ್ಕಾ ಸಸ್ಯಾಹಾರಿಗಳು. ಟರ್ಕಿ ತಂದಿದ್ದರೆ ಮುಂದಿನ ವಾರವಿಡೀ ಮಗಳ ಡಬ್ಬಿಗೆ ಟರ್ಕಿ ಸ್ಯಾಂಡ್‌ವಿಚ್ಚೇ.

ಬೇರೆ ಏನು ಮಾಡಬಹುದು ಅಂತ ಮನೆಯಲ್ಲಿ ಚರ್ಚೆ ನಡೆಯಿತು. ಹ್ಯಾಮ್ ಅಂದರೆ ಹಂದಿ, ಅಮ್ಮ ಮುಟ್ಟುವುದಿಲ್ಲ. ಬಾತುಕೋಳಿಯಲ್ಲಿ ಕೊಬ್ಬು ಜಾಸ್ತಿ, ಮಾಂಸ ಕಡಿಮೆ. ಒಬ್ಬೊಬ್ಬರ ತಟ್ಟೆಗೆ ಒಂದೊಂದು ಪುಟ್ಟ ಕಾರ್ನಿಶ್ ಕೋಳಿ ಇಡೋಣ ಅಂದರು ನಮ್ಮ ಯಜಮಾನರು. ನೋಡಲು ಚೆಂದ, ಆದರೆ ಹಬ್ಬದ ದಿನ ಎಲ್ಲರೂ ಒಂದೇ ಪಾತ್ರೆಗೆ ಕೈ ಹಾಕಬೇಕು ಅನ್ನುವವಳು ನಾನು. ಕುರಿಯ ತೊಡೆ ಕೊನೆಯವರೆಗೂ ಸ್ಪರ್ಧೆಯಲ್ಲಿತ್ತು.

ಅಷ್ಟರಲ್ಲಿ ಬೇಲಿಯಾಚೆಯಿಂದ ಅಜ್ಜ ಹೇಳಿದರು, ಏಡಿ ಬಂದಿದೆ ಅಂತ. ಅವರು ಹುಟ್ಟಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಮೂಲ ಇಟಲಿ. ಅವರ ಮನೆಯಲ್ಲಿ ಚಿಕ್ಕಂದಿನಿಂದ ಥ್ಯಾಂಕ್ಸ್‌ಗಿವಿಂಗಿಗೆ ಡಂಜನೆಸ್ ಏಡಿಯೇ. ಬೇಯಿಸಿ, ಬೆಣ್ಣೆ ಸುರಿದು, ಹುಳಿ ಬ್ರೆಡ್ಡಿನ ಜೊತೆ. ಕ್ರಿಸ್‌ಮಸ್ಸಿಗೆ ಅದೇ ಏಡಿ ಹಾಕಿ ಚಪ್ಪೀನೋ ಅನ್ನುವ ಟೊಮೆಟೊ ಸಾರು. ಇಲ್ಲಿನ ಕರಾವಳಿಯಲ್ಲಿ ದೋಣಿಗಳು ಏಡಿಗೆ ಇಳಿಯುತ್ತಿದ್ದದ್ದು ಆಗೆಲ್ಲ ಸಾಮಾನ್ಯವಾಗಿ ನವೆಂಬರ್ ಮಧ್ಯದಲ್ಲಿ. ಹಬ್ಬಕ್ಕೆ ಸರಿಯಾಗಿ ತಾಜಾ ಸಿಗುತ್ತಿತ್ತು. ಹಾಗಾಗಿ ಇಲ್ಲಿನ ಎಷ್ಟೋ ಹಳೇ ಮನೆಗಳಲ್ಲಿ ಟರ್ಕಿಗೆ ಎರಡನೇ ಸ್ಥಾನ.

ಅಸಲಿಗೆ ಈ ಹಬ್ಬದ ಮೂಲ ಅನ್ನುವ 1621ರ ಆ ಮೊದಲ ಸುಗ್ಗಿ ಊಟದಲ್ಲಿ ಟರ್ಕಿ ಇತ್ತು ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಅಲ್ಲಿದ್ದ ಇಂಗ್ಲಿಷ್ ವಲಸಿಗ ಎಡ್ವರ್ಡ್ ವಿನ್ಸ್ಲೋ ಬರೆದ ಕಾಗದದಲ್ಲಿ ನಾಲ್ವರು ಹಕ್ಕಿ ಹೊಡೆದು ತಂದರು ಅಂತಿದೆ, ಯಾವ ಹಕ್ಕಿ ಅಂತಿಲ್ಲ. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ಐದು ಜಿಂಕೆ ತಂದರು ಅಂತ ಮಾತ್ರ ಸ್ಪಷ್ಟವಾಗಿದೆ. ಅದೇ ಕಾಗದದಲ್ಲಿ ತಮ್ಮ ಕೊಲ್ಲಿಯ ತುಂಬ ಲಾಬ್‌ಸ್ಟರ್ ಇವೆ ಅಂತಲೂ ಬರೆದಿದ್ದಾನೆ. ಇದನ್ನು ಓದಿ ಹೇಳಿದಾಗ ಅಮ್ಮನಿಗೆ ಸಮಾಧಾನವಾಯಿತು. "ಸಿಗಡಿ ತಿಂದ್ರೆ ಏಡಿಗೆಂತ ದೋಷ?" ಅಂದರು. ಲಾಬ್‌ಸ್ಟರ್ ಅವರ ಲೆಕ್ಕದಲ್ಲಿ ದೊಡ್ಡ ಸಿಗಡಿ.

ಆ ನವೆಂಬರ್ ನೆನಪಿರುವುದು ಹೊಗೆಗೆ. ನವೆಂಬರ್ 8ಕ್ಕೆ ಪ್ಯಾರಡೈಸ್ ಅನ್ನುವ ಊರಿನ ಕಡೆ ಹೊತ್ತಿದ ಕಾಡ್ಗಿಚ್ಚು ಊರನ್ನೇ ಸುಟ್ಟಿತ್ತು, 85 ಜನ ಸತ್ತರು. ನಾವಿರುವುದು ಅಲ್ಲಿಂದ ಬಹಳ ದೂರ, ಆದರೂ ಹೊಗೆ ನಮ್ಮ ಊರಿನ ಮೇಲೂ ಕವಿದು ಕೂತಿತ್ತು. ಶಾಲೆಗೆ ರಜೆ ಕೊಟ್ಟರು. ಕಿಟಕಿ ತೆಗೆಯುವ ಹಾಗಿಲ್ಲ, ಹೊರಗೆ ಹೋದರೆ ಮಾಸ್ಕ್. ಮೀನು ಹುರಿದ ವಾಸನೆ ಮನೆ ಬಿಟ್ಟು ಹೋಗುತ್ತಲೇ ಇರಲಿಲ್ಲ. ಹಬ್ಬದ ಹಿಂದಿನ ದಿನ, ಬುಧವಾರ, ಮಳೆ ಬಂತು.

ಮಳೆಯಲ್ಲೇ ನಾವು ಸ್ಯಾನ್ ಮಟೇಯೋ ಸೇತುವೆ ದಾಟಿ, 92ನೇ ಹೆದ್ದಾರಿಯಲ್ಲಿ ಗುಡ್ಡ ಇಳಿದು ಹಾಫ್ ಮೂನ್ ಬೇ ಸೇರಿದೆವು. ಅದರ ಪಕ್ಕ ಪಿಲ್ಲರ್ ಪಾಯಿಂಟ್ ಬಂದರು. ಅಲ್ಲಿ ದೋಣಿಯಿಂದಲೇ ನೇರವಾಗಿ ಕೊಳ್ಳಬಹುದು. ಪೌಂಡಿಗೆ ಎಷ್ಟು ಅಂತ ಬೋರ್ಡಿನಲ್ಲಿ ಬರೆದಿಟ್ಟಿದ್ದರು. ಗಂಗೊಳ್ಳಿ ಬಂದರು ನೋಡಿ ಬೆಳೆದ ಅಮ್ಮನಿಗೆ ಈ ಊರಲ್ಲಿ ಮೊದಲ ಬಾರಿ ಗೊತ್ತಿರುವ ಜಾಗಕ್ಕೆ ಬಂದ ಹಾಗಾಯಿತು. ಚೌಕಾಸಿಗೆ ಅವಕಾಶವಿಲ್ಲ ಅನ್ನುವುದೊಂದೇ ಬೇಜಾರು. ದೋಣಿಯವನು ಹಿಂಗಾಲುಗಳ ಕಡೆಯಿಂದ ಹಿಡಿದು ಎತ್ತಿ ತೋರಿಸಿದಾಗ, "ಇದ್ ಏಡಿಯಾ? ಆಮಿ ಇದ್ದಂಗೆ ಇತ್ತಲೆ!" ಅಂದರು. ಒಂದೊಂದೂ ಎರಡು ಪೌಂಡಿನ ಆಸುಪಾಸು. ಚಿಪ್ಪಿನ ಅಗಲ ಆರೂಕಾಲು ಇಂಚಿಗಿಂತ ಕಡಿಮೆ ಇದ್ದರೆ ದೋಣಿಯವರು ಹಿಡಿಯುವಂತಿಲ್ಲ, ಹೆಣ್ಣಾಗಿದ್ದರೆ ವಾಪಸ್ಸು ಸಮುದ್ರಕ್ಕೆ. ಇದನ್ನು ಕೇಳಿ ಅಮ್ಮ ತಲೆದೂಗಿದರು.

ಆರು ಏಡಿ ತಂದೆವು. ಐಸ್ ಮೇಲೆ ಒದ್ದೆ ಪೇಪರ್ ಹಾಸಿ ಇಡಬೇಕು. ಬಕೆಟ್ಟಿನಲ್ಲಿ ನಲ್ಲಿ ನೀರು ತುಂಬಿ ಬಿಟ್ಟರೆ ಸತ್ತುಹೋಗುತ್ತವೆ, ಇದು ಸಮುದ್ರದ ಜೀವ.

ಗುರುವಾರ ಬೆಳಿಗ್ಗೆ ಅಡುಗೆಮನೆ ಅಮ್ಮನದು. ಏಡಿಗಳನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟು ಮಂಕಾಗಿಸಿದೆವು. ಮೆಟ್ಟುಗತ್ತಿ ಇಲ್ಲ ಅಂತ ಗೊಣಗುತ್ತಲೇ ಹೊಟ್ಟೆಯ ಮೇಲಿನ ಚೂಪು ಮುಚ್ಚಳ ಕಿತ್ತರು, ಬೆನ್ನ ಚಿಪ್ಪು ಎಬ್ಬಿಸಿದರು, ಬೆರಳಿನಂತಿರುವ ಕಿವಿರುಗಳನ್ನು ತೆಗೆದು ಎಸೆದರು. ಮೈಯನ್ನು ಎರಡು ಹೋಳು ಮಾಡಿ ನೋಡಿದರೆ ಒಳಗೆ ಬಿಳಿ ಮಾಂಸ ಇಡುಕಿರಿದು ತುಂಬಿದೆ. ಈ ಏಡಿ ಹಳೇ ಚಿಪ್ಪು ಕಳಚಿದ ಮೇಲೆ ಹೊಸ ಚಿಪ್ಪಿನಲ್ಲಿ ಮಾಂಸ ತುಂಬಲು ತಿಂಗಳುಗಳೇ ಬೇಕು, ನವೆಂಬರಿಗೆ ತುಂಬಿರುತ್ತದೆ. ಅಮ್ಮ ಸೋಲೊಪ್ಪಲಿಲ್ಲ. "ಇಲ್ಲಿ ಹುಣ್ಣಿಮಿಯೇ ಬೇರೆ" ಅಂದು ಕೆಲಸ ಮುಂದುವರಿಸಿದರು.

ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಎಲ್ಲ ತೆಂಗಿನೆಣ್ಣೆಯಲ್ಲಿ ಹುರಿಯಲು ಶುರು ಮಾಡಿದಾಗ ನಾನು ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಹಿಂದಿನ ವಾರವಾಗಿದ್ದರೆ ಈ ಘಾಟಿಗೆ ಎಲ್ಲರೂ ಕೆಮ್ಮಿ ಸುಸ್ತಾಗುತ್ತಿದ್ದೆವು. ಮಳೆ ಗಾಳಿಯನ್ನು ತೊಳೆದಿತ್ತು. ಊರಿಂದ ತಂದ ಪುಡಿ ಇದ್ದರೂ ಹಬ್ಬಕ್ಕೆ ಹೊಸದೇ ಆಗಬೇಕು ಅಂತ ಅಮ್ಮನ ಹಟ. ಈರುಳ್ಳಿ ಕೆಂಪಾದ ಮೇಲೆ ಏಡಿ, ಮಸಾಲೆ, ಹುಣಸೆ ರಸ, ಕೊನೆಗೆ ತೆಂಗಿನ ತುರಿ. ಏಡಿ ತಾನೇ ನೀರು ಬಿಡುತ್ತದೆ, ನೀರು ಹಾಕಿದರೆ ಒಣಗಿರಬೇಕಾದ ಸುಕ್ಕ ಹೋಗಿ ಸಾರಾಗುತ್ತದೆ. ಎರಡು ಏಡಿಯನ್ನು ಅಜ್ಜನಿಗಾಗಿ ಉಪ್ಪುನೀರಿನಲ್ಲಿ ಇಡಿಯಾಗಿ ಬೇಯಿಸಿದೆ.

ಮೈಸೂರಿನ ಗೆಳತಿ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ತಂದಿದ್ದಳು. ಹಿಂದೊಮ್ಮೆ ಎಲ್ಲೋ ಊಟಕ್ಕೆ ಹೋದಾಗ ಸೋಯಾದಲ್ಲಿ ಮಾಡಿದ ನಕಲಿ ಟರ್ಕಿ ಬಡಿಸಿದ್ದರಂತೆ. "ಮಾಂಸ ತಿನ್ನದವರಿಗೆ ಮಾಂಸದ ವೇಷ ಯಾಕೆ ಬೇಕು ಹೇಳು?" ಅಂತ ಅವಳ ವಾದ. ನನಗೂ ಸರಿ ಅನಿಸಿತು. ಅವಳ ಬಾತ್ ಮೇಜಿನ ಆ ತುದಿಯಲ್ಲಿ, ಏಡಿ ಈ ತುದಿಯಲ್ಲಿ, ನಡುವೆ ನೀರ್‌ದೋಸೆ. ಎರಡು ಮುಖ್ಯ ಅಡುಗೆ ಇದ್ದರೆ ಯಾರಿಗೇನು ನಷ್ಟ?

ಏಡಿ ಊಟದ ಒಂದು ಅನುಕೂಲ, ಕೈ ಎರಡೂ ಮಸಾಲೆಯಾಗಿ ಯಾರೂ ಫೋನ್ ಮುಟ್ಟುವ ಹಾಗಿಲ್ಲ. ಅಜ್ಜ ಬೆಣ್ಣೆ ಏಡಿ ಮುಗಿಸಿ ಸುಕ್ಕಕ್ಕೆ ಕೈ ಹಾಕಿದರು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ನಿಲ್ಲಲಿಲ್ಲ. ಅಮ್ಮ ಕಾಲಿನ ಗಂಟುಗಳನ್ನು ಹಲ್ಲಿನಲ್ಲಿ ಒಡೆದು ಮಾಂಸ ಸೀಪುವುದನ್ನು ನೋಡಿ, ತಮ್ಮ ಕೈಯ ಇಕ್ಕಳವನ್ನು ಪಕ್ಕಕ್ಕಿಟ್ಟರು. ಉಳಿದ ಚಿಪ್ಪುಗಳನ್ನು ಸಾರಿಗೆ ಬೇಕು ಅಂತ ಮನೆಗೆ ಒಯ್ದರು.

ಮರುವರ್ಷ ಈ ಭಾಗ್ಯ ಇರಲಿಲ್ಲ. ಏಡಿ ಬೋನುಗಳ ಹಗ್ಗಕ್ಕೆ ತಿಮಿಂಗಿಲಗಳು ಸಿಕ್ಕಿಬೀಳುತ್ತವೆ ಅಂತ 2019ರಲ್ಲಿ ದೋಣಿಗಳನ್ನು ಡಿಸೆಂಬರ್ ಮಧ್ಯದವರೆಗೆ ತಡೆದರು. ಆಮೇಲೆಯೂ ಹಲವು ವರ್ಷ ಹೀಗೇ ಆಗಿದೆ. ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಯೋಚಿಸಿ, "ಹಂಗಾರೆ ಕೋಳಿ ತಂದ್ ಅದೇ ಮಸಾಲಿ ಹಾಕ್. ಅಜ್ಜನಿಗೆ ಖಾರ ಕಮ್ಮಿ ಮಾಡ್" ಅಂದರು. ಕೋಳಿ ಸುಕ್ಕ ಮಾಡಿದೆ. ಖಾರ ಯಾಕೆ ಕಡಿಮೆ ಅಂತ ಅಜ್ಜ ಕೇಳಿದರು.